ತ್ಯಾಗಲಿ ಭುವನೇಶ್ವರಮ್ಮ

ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಸ್ವಾತಂತ್ರ್ಯ ಹೋರಾಟಗಾರ್ತಿ. ಹೆಸರಿನ ಮೊದಲಿಗಿರುವ ತ್ಯಾಗಲಿ ಅದೇ ತಾಲೂಕಿನ ಹಳ್ಳಿ. 1932ರ ಸುಮಾರಿಗೆ ಕರನಿರಾಕರಣೆ ಬಿರುಸಾಗಿದ್ದಾಗ, ಭೂಕಂದಾಯ ಕಟ್ಟದವರ ಗದ್ದೆ, ತೋಟಗಳನ್ನು ಬ್ರಿಟಿಷ್ ಆಡಳಿತದ ಮುಂಬೈ ಸರ್ಕಾರ ಜಪ್ತಿ ಮಾಡಿ ಹರಾಜಿಗಿಟ್ಟಿತು. ಕೊಂಡವರಲ್ಲಿ ಊರಿನವರೂ ಇದ್ದರು. ಗಂಡಸರು ಹಲವರು ಜೈಲಿನಲ್ಲಿದ್ದುದರಿಂದ ಹೆಂಗಸರೇ ಹೊರಟರು. ಜೋಗದ ಸಮೀಪದ ಮಾವಿನಗುಂಡಿಯಲ್ಲಿ, ಹರಾಜಿನ ಆಸ್ತಿ ಕೊಂಡವರ ಮನೆಯೆದುರು ಉಪವಾಸ ಕೂತರು. ಭುವನೇಶ್ವರಮ್ಮ ಅವರಲ್ಲೊಬ್ಬರು. ಒಳಮನೆ, ಅಡಿಕೆ ತೋಟಗಳಾಚೆಗೆ ಹೆಂಗಸರ ಓಡಾಟವೇ ಕಡಿಮೆಯಿದ್ದ ಕಾಲವದು. ಪೊಲೀಸರಿಗಿಂತ ‘ನಾಲ್ಕು ಜನ ಏನಂದಾರು’ ಎಂಬ ಅಳುಕೇ ದೊಡ್ಡದಿದ್ದೀತು. ಚರಿತ್ರೆ ಬರೆದವರು ಅದನ್ನು ಅಷ್ಟಾಗಿ ಗಮನಿಸಿಲ್ಲ. ದೊಡ್ಮನೆಯ ಮಹಾದೇವಿ ತಾಯಿ ಇದೇ ತಾಲೂಕಿನ ಮತ್ತೊಬ್ಬ ಹೋರಾಟಗಾರ್ತಿ. ಉಪವಾಸ ಕೂತ ಮಹಿಳೆಯರ ನೆನಪಿಗೆ ಮಾವಿನಗುಂಡಿಯಲ್ಲಿ ಸ್ಮಾರಕವಿದೆ.