ಸಮುದ್ರದ ಪರವಾನಗಿ ಯಾರ ಕೈಯಲ್ಲಿದೆ?

ವಿಜಯಪುರದ ಸೊಲ್ಲಾಪುರ ರಸ್ತೆ ಎಲ್ಲಿಗೆ ಹೋಗುತ್ತೆ ಅಂತ ಕೇಳಿದರೆ ಚಿಕ್ಕ ಹುಡುಗನೂ ಉತ್ತರ ಹೇಳ್ತಾನೆ. ಸೊಲ್ಲಾಪುರಕ್ಕೆ. ಆದರೆ ಈ ರಸ್ತೆ ಹೋಗಿ ಕೂಡಿಕೊಳ್ಳುವ ರಾಷ್ಟ್ರೀಯ ಹೆದ್ದಾರಿ 52 ಇದೆಯಲ್ಲ, ಅದರಲ್ಲಿ ಉಲ್ಟಾ ದಿಕ್ಕಿಗೆ, ಅಂದರೆ ದಕ್ಷಿಣಕ್ಕೆ ಹೊರಡಿ. ಹುಬ್ಬಳ್ಳಿ ಬರುತ್ತೆ, ಯಲ್ಲಾಪುರ ಬರುತ್ತೆ, ಘಟ್ಟ ಇಳಿದರೆ ಅಂಕೋಲಾ. ಹೆದ್ದಾರಿ ಮುಗಿಯೋದೇ ಅಲ್ಲಿ, ಅರಬ್ಬಿ ಸಮುದ್ರದ ಪಕ್ಕದಲ್ಲಿ. ಅಲ್ಲಿಂದ ಸ್ವಲ್ಪ ಮೇಲೆ ಕಾರವಾರದ ಹತ್ತಿರ ಐಎನ್ಎಸ್ ಕದಂಬ. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ, 2005ರಲ್ಲಿ ಕಾರ್ಯಾರಂಭ ಮಾಡಿದ ನೌಕಾನೆಲೆ. ಐಎನ್ಎಸ್ ವಿಕ್ರಮಾದಿತ್ಯದಂಥ ವಿಮಾನವಾಹಕ ನೌಕೆಯ ಮನೆ ಅದು.

ಯುದ್ಧನೌಕೆ, ಡ್ರೋನು, ಉಪಗ್ರಹ ಅಂತ ನಾನು ಮಾತು ಶುರು ಮಾಡಿದಾಗಲೆಲ್ಲ ನಮ್ಮ ಕಡೆಯವರು ಒಂದು ಮಾತು ಹೇಳ್ತಾರೆ. ಸೊಲ್ಲಾಪುರ ರಸ್ತೆಯ ಚಹಾದಂಗಡಿಯಲ್ಲಿ ಹಿರಿಯರೊಬ್ಬರು ನನ್ನ ಮುಖಕ್ಕೇ ಹೇಳಿದ್ದರು: "ಸರ, ನಮ್ಮ ಬೋರಿನ್ಯಾಗ ನೀರಿಲ್ಲ. ನೀವು ಸಮುದ್ರದ ಸುದ್ದಿ ಹೇಳಾಕತ್ತೀರಿ." ಅವರ ಮಾತಿನಲ್ಲಿ ನ್ಯಾಯ ಇದೆ. ಹೀಗಾಗಿ ಬೋರ್‌ವೆಲ್ ಇರುವ ಹೊಲದಿಂದಲೇ ಶುರು ಮಾಡೋಣ.

2023ರ ಡಿಸೆಂಬರ್ 23. ಸೌದಿ ಅರೇಬಿಯಾದಿಂದ ತೈಲ ಸರಕು ಹೊತ್ತು ಎಂವಿ ಕೆಮ್ ಪ್ಲೂಟೊ ಎಂಬ ಹಡಗು ಬರ್ತಾ ಇತ್ತು. ಎಲ್ಲಿಗೆ? ನಮ್ಮ ಮಂಗಳೂರಿಗೆ. ಗುಜರಾತ್ ಕರಾವಳಿಯಿಂದ ಇನ್ನೂರು ನಾಟಿಕಲ್ ಮೈಲಿಗೂ ಹೆಚ್ಚು ದೂರದಲ್ಲಿ ಆಕಾಶದಿಂದ ಒಂದು ಡ್ರೋನ್ ಬಂದು ಅದಕ್ಕೆ ಬಡಿಯಿತು. ಬೆಂಕಿ ಹತ್ತಿತು. ಹಡಗಿನಲ್ಲಿದ್ದವರು ಬಹುತೇಕ ಭಾರತೀಯರು. ಪುಣ್ಯಕ್ಕೆ ಯಾರ ಪ್ರಾಣವೂ ಹೋಗಲಿಲ್ಲ. ನಮ್ಮ ಕೋಸ್ಟ್ ಗಾರ್ಡ್ ಹಡಗು ಅದನ್ನು ಕಾಯ್ದುಕೊಂಡು ಮುಂಬೈಗೆ ತಂದಿತು.

ಈಗ ಹೇಳಿ, ತಿಕೋಟಾದ ದ್ರಾಕ್ಷಿ ತೋಟಕ್ಕೂ ಆ ಹಡಗಿಗೂ ಸಂಬಂಧ ಇಲ್ವಾ? ತೋಟಕ್ಕೆ ಔಷಧ ಹೊಡೆಯುವ ಟ್ರ್ಯಾಕ್ಟರಿನ ಡೀಸೆಲ್ಲು ಬರೋದು ಸಮುದ್ರದಿಂದ. ಬಬಲೇಶ್ವರದ ರೈತ ಹಾಕುವ ಗೊಬ್ಬರದ ದೊಡ್ಡ ಪಾಲು ಬರೋದು ಸಮುದ್ರದಿಂದ. ಕೆಂಪು ಸಮುದ್ರದಲ್ಲಿ ಹಡಗಿಗೆ ಹೊಡೆತ ಬಿದ್ದರೆ ಉಳಿದ ಹಡಗುಗಳು ಇಡೀ ಆಫ್ರಿಕಾ ಸುತ್ತಿಕೊಂಡು ಹೋಗಬೇಕಾಗುತ್ತೆ. ಆ ಬಾಡಿಗೆ ಯಾರು ಕೊಡ್ತಾರೆ? ಕೊನೆಗೆ ನೀವು ಮತ್ತು ನಾನೇ.

ಈ ಪಾಠವನ್ನು ವಿಜಯಪುರ ಒಂದು ಸಲ ಕಲಿತಿದೆ. ಬಹಳ ದುಬಾರಿ ಬೆಲೆ ಕೊಟ್ಟು ಕಲಿತಿದೆ. ಅದು ಈಗ ನಮಗೇ ಮರೆತುಹೋಗಿದೆ.

ಐದು ನೂರು ವರ್ಷ ಹಿಂದೆ ಹೋಗಿ. ಗೋವಾ ಆಗ ಯಾರದ್ದು? ಬಿಜಾಪುರದ ಆದಿಲ್‌ಶಾಹಿಗಳದ್ದು. ಅರಬ್ ಕುದುರೆಗಳು ಬಂದಿಳಿಯುತ್ತಿದ್ದ ಬಂದರು ಅದು. ಕುದುರೆ ಅಂದರೆ ಆ ಕಾಲದ ಟ್ಯಾಂಕ್. 1510ರ ಆರಂಭದಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಬಂದ. ದಾರಿ ತೋರಿಸಿದವನು ನಮ್ಮದೇ ಹೊನ್ನಾವರ ಕಡೆಯ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜಾ. ಗೋವಾ ಹೋಯಿತು. ಬಿಜಾಪುರದವರು ಸುಮ್ಮನೆ ಕೂತರಾ? ಇಲ್ಲ. ಮೇ ತಿಂಗಳಲ್ಲಿ ದೊಡ್ಡ ಸೈನ್ಯ ನುಗ್ಗಿತು, ಗೋವಾ ವಾಪಸ್ ಬಂತು. ಅಲ್ಬುಕರ್ಕ್ ಹಡಗು ಹತ್ತಿ ಮಾಂಡೋವಿ ನದಿಯಲ್ಲಿ ಮಳೆಗಾಲವಿಡೀ ಸಿಕ್ಕಿಹಾಕಿಕೊಂಡ. ಊಟಕ್ಕೂ ಗತಿ ಇರಲಿಲ್ಲ. ನೆಲದಲ್ಲಿ ಸೋತಿದ್ದ, ನೀರಿನಲ್ಲಿ ಸೋತಿರಲಿಲ್ಲ. ಮಳೆ ಕಡಿಮೆಯಾಯಿತು, ಹೊರಗೆ ಹೋದ, ಹೊಸ ಪಡೆ ಕಟ್ಟಿಕೊಂಡು ಬಂದ. ನವೆಂಬರ್ 25ಕ್ಕೆ ಗೋವಾ ಮತ್ತೆ ಅವನ ಕೈ ಸೇರಿತು.

ಇಲ್ಲಿ ಒಂದು ವಿಷಯ ಗಮನಿಸಿ. ನಮ್ಮವರ ಹತ್ತಿರ ತಂತ್ರಜ್ಞಾನ ಇರಲಿಲ್ಲ ಅಂತ ಅಂದುಕೊಳ್ಳಬೇಡಿ. ಗೋವಾದ ಕುಶಲಕರ್ಮಿಗಳು ಮಾಡುತ್ತಿದ್ದ ಬಂದೂಕಿನ ಮಾದರಿಯನ್ನು ಅಲ್ಬುಕರ್ಕ್ ತನ್ನ ರಾಜನಿಗೇ ಕಳಿಸಿ ಹೊಗಳಿದ. ಕೈಚಳಕ ನಮ್ಮದು, ಕೈ ಬದಲಾಯಿತು ಅಷ್ಟೆ. ವ್ಯತ್ಯಾಸ ಇದ್ದದ್ದು ಹಡಗಿನಲ್ಲಿ. ನಮ್ಮ ಸಮುದ್ರದ ಬಹುಪಾಲು ಹಡಗುಗಳ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ವ್ಯಾಪಾರಕ್ಕೆ ಅದ್ಭುತ. ಆದರೆ ದೊಡ್ಡ ತೋಪು ಹಾರಿಸಿದಾಗ ಹಿಂದಕ್ಕೆ ಒದೆಯುವ ಪೆಟ್ಟನ್ನು ಅದು ತಡೆಯೋದು ಕಷ್ಟ. ಪೋರ್ಚುಗೀಸರದ್ದು ಕಬ್ಬಿಣದ ಮೊಳೆ ಹೊಡೆದ ಗಟ್ಟಿ ಹಡಗು. ಅದಕ್ಕೆ ತೋಪು ಕೂರಿಸಿದರು. ಹಡಗೇ ಚಲಿಸುವ ಕೋಟೆಯಾಯಿತು. 1509ರಲ್ಲಿ ದಿಯು ಬಳಿ ಈಜಿಪ್ಟ್, ಗುಜರಾತ್, ಕಲ್ಲಿಕೋಟೆಯ ಹಡಗುಗಳು ಒಟ್ಟಾಗಿ ನಿಂತರೂ ಅವರನ್ನು ತಡೆಯಲಾಗಲಿಲ್ಲ.

1570ರಲ್ಲಿ ಒಂದನೇ ಅಲಿ ಆದಿಲ್‌ಶಾ ಮತ್ತೆ ಪ್ರಯತ್ನ ಮಾಡಿದ. ಐದು ವರ್ಷದ ಹಿಂದಷ್ಟೇ ತಾಳಿಕೋಟೆ ಯುದ್ಧ ಗೆದ್ದು ಬಂದಿದ್ದ ಸುಲ್ತಾನ. ಅಹ್ಮದ್‌ನಗರದವರು ಚೌಲ್ ಮುತ್ತಿದರು, ಇವನು ಗೋವಾ ಮುತ್ತಿದ, ಕಲ್ಲಿಕೋಟೆಯ ಸಾಮೂದಿರಿಯೂ ಜೊತೆ ಕೊಟ್ಟ. ಸುಮಾರು ಹತ್ತು ತಿಂಗಳು ಮುತ್ತಿಗೆ. ಆನೆ, ತೋಪು, ಲೆಕ್ಕವಿಲ್ಲದ ಕಾಲಾಳು. ಆದರೆ ಗೋವಾಕ್ಕೆ ಸಮುದ್ರದ ಬಾಗಿಲು ತೆರೆದೇ ಇತ್ತು. 1571ರ ಕೊನೆಗೆ ಸುಲ್ತಾನ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು.

ವಿಜಯಪುರಕ್ಕೆ ಹೋದವರೆಲ್ಲ ಶೆರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪಿನ ಮುಂದೆ ಫೋಟೋ ತೆಗೆಸಿಕೊಳ್ತಾರೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, 1632ರಲ್ಲಿ ಇಲ್ಲಿಗೆ ಬಂದದ್ದು. ತೂಕ ಸುಮಾರು 55 ಟನ್. ಹೆಸರೇ ಹೇಳುತ್ತೆ, ಮೈದಾನದ ಒಡೆಯ. ಮೈದಾನದ್ದೇ, ಸಮುದ್ರದ್ದಲ್ಲ. ಆ ಕಾಲದ ಯಾವ ಹಡಗೂ ಅದನ್ನು ಹೊತ್ತು ಯುದ್ಧಕ್ಕೆ ಹೋಗುವಂತಿರಲಿಲ್ಲ. ನಾವು ತೋಪು ದೊಡ್ಡದು ಮಾಡಿದೆವು. ಅವರು ತೋಪಿಗೆ ಹಡಗು ಮಾಡಿದರು.

ಸೋಲಿಗಿಂತ ದೊಡ್ಡ ಅವಮಾನ ಇನ್ನೊಂದಿತ್ತು. ಅದರ ಹೆಸರು ಕಾರ್ತಾಜ್. ಪೋರ್ಚುಗೀಸರು ಕೊಡುತ್ತಿದ್ದ ಒಂದು ತುಂಡು ಕಾಗದ. ಹಡಗು ಯಾರದು, ಎಲ್ಲಿಗೆ ಹೋಗುತ್ತೆ, ಎಷ್ಟು ಆಯುಧ ಇದೆ, ಎಲ್ಲ ಅದರಲ್ಲಿ ಬರೆದಿರಬೇಕು. ಕಾಗದ ಇಲ್ಲದ ಹಡಗು ಸಿಕ್ಕರೆ ಸರಕಿನ ಸಮೇತ ಜಪ್ತಿ. ಗೋಲಗುಮ್ಮಟ ಕಟ್ಟಿದ ವಂಶ, ದಖ್ಖನ್ ನೆಲದಲ್ಲಿ ಎದುರಿಲ್ಲದ ವಂಶ, ತನ್ನ ಪ್ರಜೆಗಳು ಮೆಕ್ಕಾ ಯಾತ್ರೆಗೆ ಹೋಗಬೇಕಾದರೂ ಗೋವಾದಲ್ಲಿ ಕೂತವನ ಪರವಾನಗಿ ತರಿಸಬೇಕಿತ್ತು! 1686ರಲ್ಲಿ ಔರಂಗಜೇಬ ಬಿಜಾಪುರವನ್ನು ಮುಗಿಸಿದ. ಪೋರ್ಚುಗೀಸರು ಗೋವಾ ಬಿಟ್ಟದ್ದು ಯಾವಾಗ? 1961ರ ಡಿಸೆಂಬರ್ 19. ಆದಿಲ್‌ಶಾಹಿ ಮುಗಿದ ಮೇಲೂ 275 ವರ್ಷ ಇದ್ದರು ಸ್ವಾಮಿ! ಅವರನ್ನು ಕಳಿಸುವಾಗ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ನಮ್ಮ ನೌಕಾಪಡೆಯ ಏಳು ಜನ ಪ್ರಾಣ ಕೊಟ್ಟರು.

ಈ ಕತೆಯನ್ನು ಇವತ್ತು ಯಾಕೆ ಹೇಳ್ತಿದ್ದೀನಿ ಅಂದರೆ, ಸಮುದ್ರದ ಯುದ್ಧ ಮತ್ತೊಮ್ಮೆ ಬದಲಾಗ್ತಾ ಇದೆ. ತೋಪು ಹಡಗು ಹತ್ತಿದಾಗ ಆದಷ್ಟೇ ದೊಡ್ಡ ಬದಲಾವಣೆ ಇದು.

ಕಪ್ಪು ಸಮುದ್ರ ನೋಡಿ. ಉಕ್ರೇನ್ ಹತ್ತಿರ ನೌಕಾಪಡೆ ಅಂತ ಹೇಳಿಕೊಳ್ಳೋದಕ್ಕೆ ದೊಡ್ಡ ಹಡಗುಗಳೇ ಉಳಿದಿರಲಿಲ್ಲ. 2022ರ ಏಪ್ರಿಲ್‌ನಲ್ಲಿ ದಡದಿಂದ ಕ್ಷಿಪಣಿ ಹಾರಿಸಿ ರಷ್ಯಾದ ಮಾಸ್ಕ್ವಾ ಎಂಬ ಮುಖ್ಯ ನೌಕೆಯನ್ನೇ ಮುಳುಗಿಸಿತು. ಆಮೇಲೆ ಬಂದದ್ದು ಮಗುರಾ. ಸುಮಾರು ಐದೂವರೆ ಮೀಟರ್ ಉದ್ದದ ದೋಣಿ. ಒಳಗೆ ಮನುಷ್ಯರೇ ಇಲ್ಲ. ಮೂತಿಯಲ್ಲಿ ಸ್ಫೋಟಕ, ಮೇಲೆ ಕ್ಯಾಮೆರಾ, ದೂರದಲ್ಲಿ ಕೂತವನ ಕೈಯಲ್ಲಿ ಚುಕ್ಕಾಣಿ. 2024ರ ಫೆಬ್ರವರಿ, ಮಾರ್ಚ್‌ನಲ್ಲಿ ಇಂಥ ದೋಣಿಗಳು ರಷ್ಯಾದ ಯುದ್ಧನೌಕೆಗಳನ್ನು ಒಂದರ ಹಿಂದೆ ಒಂದು ಮುಳುಗಿಸಿದವು. ಕೆಂಪು ಸಮುದ್ರದಲ್ಲಿ ಹೂಥಿಗಳದ್ದೂ ಇದೇ ಲೆಕ್ಕ. ಅಗ್ಗದ ಡ್ರೋನ್ ಅವರು ಹಾರಿಸ್ತಾರೆ, ಅದನ್ನು ಹೊಡೆಯೋಕೆ ಎದುರಿನವರು ಕೋಟಿಗಟ್ಟಲೆ ಬೆಲೆಯ ಕ್ಷಿಪಣಿ ಬಳಸ್ತಾರೆ. ಹತ್ತು ಸಲ ತಡೆದರೂ ಖಜಾನೆ ಸೋರೋದು ತಡೆದವನದ್ದೇ.

ಹಾಗಂತ ದೊಡ್ಡ ಹಡಗಿನ ಕಾಲ ಮುಗೀತು ಅಂತಲ್ಲ. 2024ರ ಮಾರ್ಚ್‌ನಲ್ಲಿ ಸೊಮಾಲಿಯಾ ಕಡಲ್ಗಳ್ಳರು ಹಿಡಿದಿದ್ದ ಎಂವಿ ರುಯೆನ್ ಹಡಗನ್ನು ನಮ್ಮ ಐಎನ್ಎಸ್ ಕೋಲ್ಕತಾ ಅಡ್ಡಗಟ್ಟಿತು. ನಮ್ಮ ತೀರದಿಂದ 2600 ಕಿಲೋಮೀಟರ್ ದೂರ. ಹಡಗಿನಿಂದ ಹಾರಿಸಿದ ಡ್ರೋನನ್ನು ಕಳ್ಳರು ಹೊಡೆದುರುಳಿಸಿದರು. ವಾಯುಪಡೆಯ ಸಿ-17 ವಿಮಾನದಿಂದ ಮಾರ್ಕೋಸ್ ಕಮಾಂಡೋಗಳು ಸಮುದ್ರಕ್ಕೆ ಧುಮುಕಿದರು. 40 ಗಂಟೆ ಕಾರ್ಯಾಚರಣೆ. 35 ಕಡಲ್ಗಳ್ಳರು ಶರಣು, 17 ಸಿಬ್ಬಂದಿ ಸುರಕ್ಷಿತ. ಹಡಗು, ಡ್ರೋನ್, ವಿಮಾನ, ಉಪಗ್ರಹ, ಕಮಾಂಡೋ ಎಲ್ಲ ಒಂದೇ ಜಾಲದಲ್ಲಿ ಕೂಡಿದ್ದಕ್ಕೆ ಅದು ಸಾಧ್ಯವಾಯಿತು. ಮುಂದಿನ ನೌಕಾಯುದ್ಧ ಅಂದರೆ ಇದೇ. ಯಾರ ಜಾಲ ಗಟ್ಟಿ, ಯಾರು ಮೊದಲು ನೋಡ್ತಾರೆ, ಅವರು ಗೆಲ್ತಾರೆ.

ಆದರೆ ನನ್ನ ಪ್ರಶ್ನೆ ಬೇರೆ. ಈ ಜಾಲದ ಕಾರ್ತಾಜ್ ಯಾರ ಕೈಯಲ್ಲಿದೆ?

2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಐಎನ್ಎಸ್ ವಿಕ್ರಾಂತ್ ಸೇವೆಗೆ ಸೇರಿತು. ನಾವೇ ಕಟ್ಟಿದ ಮೊದಲ ವಿಮಾನವಾಹಕ. 76 ಪರ್ಸೆಂಟ್ ಸ್ವದೇಶಿ ಅಂತ ಸರ್ಕಾರದ ಲೆಕ್ಕ. ಹೆಮ್ಮೆ ಪಡಬೇಕಾದ್ದೇ. ಆದರೆ ಅದನ್ನು ಓಡಿಸುವ ನಾಲ್ಕು ಗ್ಯಾಸ್ ಟರ್ಬೈನ್ ಅಮೆರಿಕದ ಜಿಇ ಕಂಪನಿಯ ವಿನ್ಯಾಸ. ಅದರ ಮೇಲೆ ಇಳಿಯಬೇಕಾದ ವಿಮಾನ? ಬೆಂಗಳೂರಿನಲ್ಲಿ ಹುಟ್ಟಿದ ನೌಕಾ ತೇಜಸ್ 2020ರಲ್ಲಿ ವಿಕ್ರಮಾದಿತ್ಯದ ಮೇಲೆ, 2023ರಲ್ಲಿ ವಿಕ್ರಾಂತ್ ಮೇಲೆ ಇಳಿದು ತೋರಿಸಿತು. ಆದರೆ ಒಂದೇ ಎಂಜಿನ್, ಹೊರುವ ಭಾರ ಸಾಲದು. ಆ ಎಂಜಿನ್ನೂ ಜಿಇಯದ್ದೇ. ಕೊನೆಗೆ 2025ರ ಏಪ್ರಿಲ್‌ನಲ್ಲಿ 26 ರಫೇಲ್ ನೌಕಾ ವಿಮಾನಗಳಿಗೆ ಫ್ರಾನ್ಸ್ ಜೊತೆ ಒಪ್ಪಂದ, ಸುಮಾರು 63 ಸಾವಿರ ಕೋಟಿ. ಸಮುದ್ರದ ಮೇಲೆ ಗಂಟೆಗಟ್ಟಲೆ ಕಣ್ಣಿಡುವ ಎಂಕ್ಯೂ-9ಬಿ ಡ್ರೋನು ಬೇಕು ಅಂದಾಗ 2024ರಲ್ಲಿ ಅಮೆರಿಕದಿಂದ 31 ಖರೀದಿಗೆ ಸಹಿ. ಅದರಲ್ಲಿ 15 ನೌಕಾಪಡೆಗೆ. ಖರೀದಿಸೋದು ತಪ್ಪಲ್ಲ. ಗಡಿಯಲ್ಲಿ ಅಪಾಯ ಇರುವಾಗ ಕಾಯ್ತಾ ಕೂರೋಕಾಗಲ್ಲ. ಆದರೆ ಕೊಂಡ ಯಂತ್ರದ ಜೊತೆ ಬಿಡಿಭಾಗದ, ಸಾಫ್ಟ್‌ವೇರಿನ ಕೀಲಿಯೂ ಬೇರೆಯವರ ಕೈಯಲ್ಲಿ ಇರುತ್ತೆ. ಅದೇ ಇವತ್ತಿನ ಕಾರ್ತಾಜ್.

ಇದನ್ನು ಹರಿದು ಹಾಕಬಹುದು ಅನ್ನೋದಕ್ಕೂ ಉದಾಹರಣೆ ಇದೆ. ನೌಕಾಪಡೆಗೇ ಮೀಸಲಾದ ಜಿಸ್ಯಾಟ್-7 ಉಪಗ್ರಹ, ರುಕ್ಮಿಣಿ, 2013ರ ಆಗಸ್ಟ್‌ನಲ್ಲಿ ಹಾರಿತು. ಕಟ್ಟಿದ್ದು ನಮ್ಮ ಇಸ್ರೋ, ನಿಯಂತ್ರಣ ನಮ್ಮ ಹಾಸನದಿಂದ. ಹಾರಿಸಿದ್ದು ಮಾತ್ರ ಯುರೋಪಿನ ಏರಿಯಾನ್ ರಾಕೆಟ್, ಫ್ರೆಂಚ್ ಗಯಾನಾದಿಂದ. 2025ರ ನವೆಂಬರ್ 2ರಂದು ಅದರ ಮುಂದಿನ ತಲೆಮಾರು, ಸಿಎಂಎಸ್-03, ಸುಮಾರು 4400 ಕಿಲೋ ತೂಕದ್ದು, ಶ್ರೀಹರಿಕೋಟಾದಿಂದ ನಮ್ಮದೇ ರಾಕೆಟ್ ಮೇಲೆ ಹಾರಿತು. ಹನ್ನೆರಡು ವರ್ಷ ಹಿಡಿಯಿತು, ಆದರೆ ಆಯಿತು. ನಾವಿಕ್ ದಿಕ್ಸೂಚಿ ವ್ಯವಸ್ಥೆಯ ಮೊದಲ ಉಪಗ್ರಹದ ಮೂರೂ ಪರಮಾಣು ಗಡಿಯಾರ ಕೆಟ್ಟವು. ಅವು ವಿದೇಶದಿಂದ ತಂದವು. 2023ರ ಮೇನಲ್ಲಿ ಹಾರಿದ ಎನ್‌ವಿಎಸ್-01ರಲ್ಲಿ ನಮ್ಮವರೇ ಮಾಡಿದ ಗಡಿಯಾರ ಇತ್ತು. ಯುದ್ಧನೌಕೆಗಳಿಗೆ ನೀರೊಳಗಿನ ಸದ್ದು ಹಿಡಿಯುವ ಸೋನಾರ್‌ಗಳು ಬೆಂಗಳೂರಿನ ಬಿಇಎಲ್‌ನಿಂದ ಹೋಗ್ತವೆ. ಸಮುದ್ರವೇ ಇಲ್ಲದ ಊರು ಬೆಂಗಳೂರು, ಆದರೂ ನೌಕಾಪಡೆಯ ಕಣ್ಣು ಕಿವಿ ಅಲ್ಲೇ ತಯಾರಾಗ್ತಿದೆ.

ಹಾಗಿದ್ದ ಮೇಲೆ ವಿಜಯಪುರಕ್ಕೆ ಯಾಕಾಗಬಾರದು? 1963ರಿಂದ ಇಲ್ಲಿ ಸೈನಿಕ ಶಾಲೆ ಇದೆ. ಹಳ್ಳಿ ಹುಡುಗರನ್ನು ಎನ್‌ಡಿಎಗೆ ತಯಾರು ಮಾಡುವ ಶಾಲೆ. ಸಮವಸ್ತ್ರ ಹಾಕುವವರು ಬೇಕೇ ಬೇಕು. ಅವರ ಜೊತೆಗೆ ಎಂಜಿನ್ ಮಾಡುವವರು, ಕೋಡ್ ಬರೆಯುವವರು, ಬ್ಯಾಟರಿ ಸುಧಾರಿಸುವವರು ಇದೇ ಬಯಲುಸೀಮೆಯಿಂದ ಬರಬೇಕು. ಕಾರವಾರದ ನೆಲೆಗಾಗಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಮೀನುಗಾರಿಕೆ ಬಿಟ್ಟು ಎದ್ದು ಹೋಗಿವೆ. ಅವರು ನೆಲ ಕೊಟ್ಟಿದ್ದಾರೆ. ಆ ನೆಲದ ಮೇಲೆ ನಿಲ್ಲುವ ಹಡಗಿನ ಕೀಲಿ ನಮ್ಮ ಕೈಯಲ್ಲಿ ಇಲ್ಲದಿದ್ದರೆ ಅವರಿಗೆ ಏನಂತ ಉತ್ತರ ಹೇಳ್ತೀರಿ?

ಮುಂದಿನ ಸಲ ಹೊಸ ಯುದ್ಧನೌಕೆ, ಹೊಸ ಡ್ರೋನ್ ಅಂತ ಟಿವಿಯಲ್ಲಿ ಬ್ರೇಕಿಂಗ್ ಬಂದಾಗ, ನನ್ನ ಚಾನೆಲ್ಲಿನಲ್ಲೇ ಬಂದರೂ ಸರಿ, ಉದ್ದ ಎಷ್ಟು, ತೂಕ ಎಷ್ಟು ಅಂತ ಕೇಳಿ ಖುಷಿಪಟ್ಟು ಸುಮ್ಮನಾಗಬೇಡಿ. ಎಂಜಿನ್ ಯಾರದು, ಕೋಡ್ ಯಾರದು, ಯುದ್ಧದ ಮಧ್ಯೆ ಕೆಟ್ಟರೆ ರಿಪೇರಿ ಮಾಡೋರು ಯಾರು ಅಂತ ಕೇಳಿ. ಬಿಜಾಪುರದ ದರ್ಬಾರಿನಲ್ಲಿ ಆ ಪ್ರಶ್ನೆ ಯಾರೂ ಜೋರಾಗಿ ಕೇಳಲಿಲ್ಲ.