ಚೀನೀ ಪದಗಳ ಹಳೇ ಸದ್ದು ಹುಡುಕಿದ ಕಥೆ

ಹಳಗನ್ನಡದಲ್ಲಿ 'ಪಾಲ್' ಇತ್ತು, ಈಗ 'ಹಾಲು' ಆಗಿದೆ. ಇದು ನಮಗೆ ಹೇಗೆ ಗೊತ್ತು? ಆಗಿನವರು 'ಪ' ಅಂತ ಬರೆದಿಟ್ಟಿದ್ದಾರೆ, ಅಷ್ಟೆ. ಅದೂ ಸಾಲದಿದ್ದರೆ ಪಕ್ಕದಲ್ಲೇ ತಮಿಳಿನ 'ಪಾಲ್', ತೆಲುಗಿನ 'ಪಾಲು' ಸಾಕ್ಷಿಗೆ ನಿಂತಿವೆ.

ಈಗ ಚೀನೀ ಭಾಷೆ ನೋಡಿ. ಮೂರು ಸಾವಿರ ವರ್ಷಕ್ಕೂ ಹೆಚ್ಚು ಕಾಲದ ಬರಹ ಇದೆ. ಆದರೆ ಅಲ್ಲಿ ಕಾಗುಣಿತ ಇಲ್ಲ, ಒಂದೊಂದು ಪದಕ್ಕೆ ಒಂದೊಂದು ಚಿಹ್ನೆ. ಚಿಹ್ನೆಯೊಳಗೆ ಕೆಲವು ಸಲ ಉಚ್ಚಾರದ ಸುಳಿವು ಇರುತ್ತದೆ ನಿಜ, ಆದರೆ ಸದ್ದು ಬದಲಾದರೂ ಚಿಹ್ನೆ ಬದಲಾಗಲ್ಲ. ಹಾಗಾದರೆ ಸಾವಿರದ ನಾನೂರು ವರ್ಷದ ಹಿಂದೆ ಅವರು ಹೇಗೆ ಮಾತಾಡ್ತಿದ್ದರು ಅಂತ ತಿಳಿಯೋದು ಹೇಗೆ? ದಿನವಿಡೀ ಕೋಡ್ ಬರೆಯೋ ನನಗೆ ಇದು ರಿವರ್ಸ್ ಎಂಜಿನಿಯರಿಂಗ್ ಕಥೆಯ ಹಾಗೇ ಕಂಡಿತು. ಅದಕ್ಕೇ ಇಲ್ಲಿ ಬರೀತಾ ಇದ್ದೀನಿ.

ಕ್ರಿ.ಶ. 601ರಲ್ಲಿ ಲು ಫಾಯೆನ್ ಎಂಬಾತ 'ಚಿಯೆಯುನ್' ಅನ್ನೋ ಪ್ರಾಸಕೋಶ ಮುಗಿಸಿದ. ಕವಿತೆ ಬರೆಯುವವರಿಗೆ ಯಾವ ಪದಕ್ಕೆ ಯಾವ ಪದ ಪ್ರಾಸ ಅಂತ ಹೇಳೋ ಪುಸ್ತಕ. ಅದರಲ್ಲಿ ಉಚ್ಚಾರ ತೋರಿಸೋ ಉಪಾಯ ಮಜವಾಗಿದೆ. ಪ್ರತಿ ಪದಕ್ಕೂ ಇನ್ನೆರಡು ಪದ ಕೊಡ್ತಾರೆ. ಮೊದಲನೆಯದರ ತಲೆ, ಎರಡನೆಯದರ ಬಾಲ ಸೇರಿಸಿಕೊಂಡು ಓದಬೇಕು. 'ಪೂರ್ವ' ಅನ್ನೋ ಪದಕ್ಕೆ ಕೊಟ್ಟಿರೋ ಜೋಡಿಯನ್ನು ಇವತ್ತಿನ ಮ್ಯಾಂಡರಿನ್‌ನಲ್ಲಿ ಓದಿದರೆ ಸುಮಾರಾಗಿ 'ತ' ಮತ್ತು 'ಹುಂಗ್'. ಸೇರಿಸಿದರೆ 'ತುಂಗ್'.

ಚೆನ್ನಾಗಿದೆ, ಆದರೆ ಆ ಎರಡು ಪದಗಳನ್ನ ಆಗ ಹೇಗೆ ಓದ್ತಿದ್ದರು? ಅದಕ್ಕೆ ಮತ್ತೆರಡು ಪದ ನೋಡಬೇಕು. ಪುಸ್ತಕದ ತುಂಬಾ ವೇರಿಯಬಲ್‌ಗಳು, ಒಂದಕ್ಕೂ ಬೆಲೆ ಇಲ್ಲ!

1842ರಲ್ಲಿ ಗುವಾಂಗ್‌ಝೌನ ಪಂಡಿತ ಚೆನ್ ಲಿ ಈ ಗಂಟಿಗೆ ಕೈ ಹಾಕಿದ. ಚಿಯೆಯುನ್‌ನ ಪೂರ್ತಿ ಪ್ರತಿ ಆಗ ಸಿಕ್ಕಿರಲಿಲ್ಲ, ಅದನ್ನು ಹಿಗ್ಗಿಸಿ 1008ರಲ್ಲಿ ಮಾಡಿದ 'ಗುವಾಂಗ್‌ಯುನ್' ಅವನ ಆಧಾರ. 'ಅ'ದ ತಲೆಗೆ 'ಆ' ಕೊಟ್ಟಿದ್ದಾರೆ, 'ಆ'ದ ತಲೆಗೆ 'ಇ' ಕೊಟ್ಟಿದ್ದಾರೆ ಅಂದರೆ ಮೂರರದ್ದೂ ಒಂದೇ ವ್ಯಂಜನ. ಹೀಗೆ ಕೊಂಡಿ ಹಾಕುತ್ತಾ ಪದಗಳನ್ನೆಲ್ಲ ಗುಂಪು ಮಾಡಿದ. ಗ್ರಾಫ್ ಥಿಯರಿ ಓದಿದವರಿಗೆ ಇದೇನು ಅಂತ ತಕ್ಷಣ ಹೊಳೆಯುತ್ತೆ :)

ಇದಲ್ಲದೆ ಹಳೆಯ ಧ್ವನಿ ಕೋಷ್ಟಕಗಳೂ ಇದ್ದವು. ಅವುಗಳಲ್ಲಿ ವ್ಯಂಜನಗಳ ಸಾಲು ಹೇಗಿದೆ ಗೊತ್ತಾ? ಕ, ಖ, ಗ, ಙ. ಆಮೇಲೆ ತ, ಥ, ದ, ನ. ಪ, ಫ, ಬ, ಮ. ನಾವು ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದೇ! ಬೌದ್ಧ ಧರ್ಮದ ಜೊತೆ ಭಾರತದ ಧ್ವನಿಶಾಸ್ತ್ರವೂ ಚೀನಾಕ್ಕೆ ಹೋಗಿತ್ತು. ಮಹಾಪ್ರಾಣದ 'ಘ' ಅವರಿಗೆ ಬೇಕಿರಲಿಲ್ಲ, ಹಾಗಾಗಿ ಐದರ ಬದಲು ನಾಲ್ಕು.

ಗುಂಪುಗಳು, ಸಾಲುಗಳು ಸಿಕ್ಕವು. ನಿಜವಾದ ಸದ್ದು ಬೇಕಲ್ಲ? ಅದಕ್ಕೆ ಬಂದವನು ಸ್ವೀಡನ್ನಿನ ಬರ್ನ್‌ಹಾರ್ಡ್ ಕಾರ್ಲ್‌ಗ್ರೆನ್ (1889-1978). ಹುಡುಗನಾಗಿದ್ದಾಗಲೇ ತನ್ನ ಊರಿನ ಕಡೆಯ ಜನಪದ ಕಥೆಗಳನ್ನು ಅಲ್ಲಿನ ಆಡುಮಾತಿನಲ್ಲೇ ಬರೆದುಕೊಂಡವನು. 1910ರಲ್ಲಿ ಚೀನಾಕ್ಕೆ ಹೋಗಿ, ಸುಮಾರು 3,100 ಪದಗಳ ಪಟ್ಟಿ ಮಾಡಿ, ಇಪ್ಪತ್ತಕ್ಕೂ ಹೆಚ್ಚು ಕಡೆಯ ಉಚ್ಚಾರ ಕೇಳಿ ದಾಖಲಿಸಿದ. 1915ರಿಂದ 1926ರವರೆಗೆ ಅವನ ಮಹಾಗ್ರಂಥ ಫ್ರೆಂಚಿನಲ್ಲಿ ಕಂತುಕಂತಾಗಿ ಬಂತು.

ಹೋಲಿಕೆ ಹೇಗೆ ಕೆಲಸ ಮಾಡುತ್ತೆ ನೋಡಿ. 'ಮೂರು' ಮ್ಯಾಂಡರಿನ್‌ನಲ್ಲಿ 'ಸಾನ್', 'ಬೆಟ್ಟ' 'ಷಾನ್'. ಎರಡರ ಕೊನೆಯೂ 'ನ್'. ಕ್ಯಾಂಟನೀಸ್‌ನಲ್ಲಿ 'ಮೂರು' 'ಸಾಮ್', 'ಬೆಟ್ಟ' 'ಸಾನ್'. ಮೂಲದಲ್ಲಿ ಎರಡಕ್ಕೂ 'ನ್' ಇದ್ದಿದ್ದರೆ ಕ್ಯಾಂಟನೀಸ್ ಒಂದನ್ನು ಮಾತ್ರ 'ಮ್' ಮಾಡಲು ಕಾರಣವೇ ಸಿಗಲ್ಲ. ಮೂಲದಲ್ಲಿ ಎರಡೂ ಬೇರೆಯಿದ್ದು ಮ್ಯಾಂಡರಿನ್ ಅವನ್ನು ಒಂದು ಮಾಡಿತು ಅಂದರೆ ಲೆಕ್ಕ ಸರಿಹೋಗುತ್ತೆ. ಚೀನಾದಿಂದ ಪದ ಸಾಲ ಪಡೆದ ಕೊರಿಯನ್ನರೂ ಇವತ್ತಿಗೂ ಮೂರಕ್ಕೆ 'ಸಮ್' ಅಂತಾರೆ.

ಹಾಗೇ 10, 8, 6. ಕ್ಯಾಂಟನೀಸ್‌ನಲ್ಲಿ ಸಪ್, ಪಾತ್, ಲುಕ್. ಮ್ಯಾಂಡರಿನ್‌ನಲ್ಲಿ ಷ, ಪಾ, ಲಿಯೊ. ಕೊನೆಯ ಪ್, ತ್, ಕ್ ಮೂರೂ ಮಾಯ! ಹಾಗಂತ ಕ್ಯಾಂಟನೀಸೇ ಮೂಲ ಅಂತಲ್ಲ. ಹಳೆಯ ಗ, ದ, ಬ ಅದರಲ್ಲಿ ಉಳಿದಿಲ್ಲ. ಅವು ಬೇಕಾದರೆ ಶಾಂಘೈ ಕಡೆಯ ಮಾತು ಕೇಳಬೇಕು. ಯಾರೊಬ್ಬರ ಹತ್ತಿರವೂ ಪೂರ್ತಿ ಆಸ್ತಿ ಇಲ್ಲ, ಅಣ್ಣತಮ್ಮಂದಿರ ನಡುವೆ ಪಾಲಾಗಿ ಹೋಗಿದೆ.

ಹಾಗಾದರೆ ಪುಸ್ತಕ ಮತ್ತು ನಾಲಿಗೆ ಸೇರಿದರೆ ಸಾಕಾ? ಸಾಲದು. ಫುಜಿಯಾನ್ ಕಡೆಯ 'ಮಿನ್' ನುಡಿಗಳು ಚಿಯೆಯುನ್‌ನ ಚೌಕಟ್ಟಿಗೇ ಬಗ್ಗಲ್ಲ. ನಾವು ಕುಡಿಯೋದನ್ನೇ ನೋಡಿ. ಮ್ಯಾಂಡರಿನ್, ಕ್ಯಾಂಟನೀಸ್ ಎರಡರಲ್ಲೂ 'ಚಾ', ಮಿನ್‌ನಲ್ಲಿ 'ತೇ'. ಡಚ್ ವ್ಯಾಪಾರಿಗಳ ಮೂಲಕ 'ತೇ' ಯೂರೋಪಿಗೆ ಹೋಗಿ, ಇಂಗ್ಲಿಷರ ಜೊತೆ ನಮ್ಮಲ್ಲಿ 'ಟೀ' ಆಯ್ತು. ನಮ್ಮ 'ಚಹಾ' ಇನ್ನೊಂದು ಕವಲಿನದು. ಇವೆರಡರಲ್ಲಿ ಹಳೆಯದು ಮಿನ್‌ನ 'ತ'ಕಾರ. ಚಿಯೆಯುನ್ ಕಾಲಕ್ಕಾಗಲೇ ಬೇರೆಲ್ಲ ಕಡೆ ಆ ಸದ್ದು ನಾಲಿಗೆ ಮಡಿಚಿ ಹೇಳುವಂತೆ ಬದಲಾಗಿತ್ತು. ಇಂಥ ಪದಗಳಲ್ಲಿ ಮೊದಲು 'ತ'ವರ್ಗವೇ ಇತ್ತು ಅಂತ 18ನೇ ಶತಮಾನದ ಚಿಯೆನ್ ದಾಶಿನ್ ಹಳೆಯ ಗ್ರಂಥಗಳನ್ನು ನೋಡಿಯೇ ಹೇಳಿದ್ದ.

1970ರ ದಶಕದಲ್ಲಿ ಅಮೆರಿಕದ ಜೆರ್ರಿ ನಾರ್ಮನ್ ಪುಸ್ತಕ ಬದಿಗಿಟ್ಟು ಮಿನ್ ನುಡಿಗಳನ್ನು ಒಂದರ ಜೊತೆ ಒಂದು ಹೋಲಿಸಿದ. ಚಿಯೆಯುನ್‌ನ ಪ, ಫ, ಬ ಎಂಬ ಮೂರರ ಜಾಗದಲ್ಲಿ ಅವನಿಗೆ ಆರು ಬಗೆ ಕಂಡವು. ಅವೆಲ್ಲ ನಿಜಕ್ಕೂ ಇದ್ದವಾ ಅನ್ನೋ ವಾದ ಇನ್ನೂ ನಿಂತಿಲ್ಲ. ಆದರೆ ಆಸ್ಥಾನದ ಪಂಡಿತರ ಪುಸ್ತಕದಲ್ಲಿ ಇಲ್ಲದ್ದು ಬೆಟ್ಟದ ಊರಿನವರ ಬಾಯಲ್ಲಿ ಉಳಿದಿರಬಹುದು ಅನ್ನೋದು ಸಾಬೀತಾಯ್ತು.

ನನ್ನನ್ನು ಕಾಡೋದು ಇದೇ. 1956ರಿಂದ ಚೀನಾ ಸರ್ಕಾರ ಮ್ಯಾಂಡರಿನ್ ಆಧಾರದ 'ಪುತೊಂಗ್‌ಹುವಾ'ವನ್ನು ದೇಶದ ಉದ್ದಗಲಕ್ಕೂ ಹರಡುತ್ತಾ ಬಂದಿದೆ. ಅಷ್ಟು ದೊಡ್ಡ ದೇಶಕ್ಕೆ ಒಂದು ಸಾಮಾನ್ಯ ಮಾತು ಬೇಕು, ಒಪ್ಪೋಣ. ಆದರೆ ಗೆದ್ದ ನುಡಿಯೇ ಪದದ ಕೊನೆಯ ಸದ್ದುಗಳನ್ನು ಹೆಚ್ಚು ಕಳೆದುಕೊಂಡದ್ದು. ಎರಡು ಸದ್ದು ಸೇರಿ ಒಂದಾದ ಮೇಲೆ, ಆ ಒಂದನ್ನೇ ಹಿಡಿದು ಹಿಂದಕ್ಕೆ ಹೋಗೋಕೆ ಯಾವ ಅಲ್ಗಾರಿದಮ್ಮೂ ಇಲ್ಲ. ಬ್ಯಾಕಪ್ ಇರೋದು ಉಳಿದವರ ನಾಲಿಗೆ ಮೇಲೆ.

ನಮ್ಮಲ್ಲೂ ಕುಂದಾಪುರದ, ಹವ್ಯಕರ, ಧಾರವಾಡದ ಕನ್ನಡ ಕೇಳಿ 'ಇದೆಂಥಾ ಕನ್ನಡ' ಅಂತ ನಗೋರು ಇದ್ದಾರಲ್ಲ... ಇನ್ನೊಮ್ಮೆ ಯಾರಾದರೂ ನಕ್ಕರೆ, ಅವರಿಗೊಂದು ಕಪ್ 'ತೇ' ಕೊಟ್ಟು ಈ ಕಥೆ ಹೇಳಿ.