ಹಾಲಿನ ನಿಯಂತ್ರಿತ ಬೆಲೆ ಮತ್ತು ವರ್ತಕನ ವೆಚ್ಚ: ನ್ಯೂಯಾರ್ಕ್, 1933–34

ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಹಾಲಿನ ಬೆಲೆ ಕುಸಿದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹೈನುಗಾರ ರೈತರು ಕಂಗೆಟ್ಟರು. 1933ರಲ್ಲಿ ಅಲ್ಲಿನ ಶಾಸನಸಭೆಯು ಹಾಲು ನಿಯಂತ್ರಣ ಮಂಡಲಿಯನ್ನು ಸ್ಥಾಪಿಸಿ, ಬೆಲೆಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ಅದಕ್ಕಿತ್ತಿತು. ಅಂಗಡಿಗಳಲ್ಲಿ ಕ್ವಾರ್ಟೊಂದಕ್ಕೆ 9 ಸೆಂಟು ಕನಿಷ್ಠ ಬೆಲೆಯಾಯಿತು. ರಾಚೆಸ್ಟರಿನ ಕಿರಾಣಿ ವ್ಯಾಪಾರಿ ಲಿಯೋ ನೆಬ್ಬಿಯಾ, ಎರಡು ಕ್ವಾರ್ಟಿನೊಡನೆ 5 ಸೆಂಟಿನ ಬ್ರೆಡ್ಡನ್ನೂ ಸೇರಿಸಿ 18 ಸೆಂಟಿಗೆ ಮಾರಿ ದಂಡನೆಗೆ ಗುರಿಯಾದನು. 1934ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯವು ನಾಲ್ವರ ಭಿನ್ನಮತದ ನಡುವೆ ಐವರ ಬಹುಮತದಿಂದ ಶಾಸನವನ್ನು ಎತ್ತಿಹಿಡಿಯಿತು. ಈ ತೀರ್ಪು ಸುಪ್ರಸಿದ್ಧವಾದದ್ದು. ಆದರೆ ಅದೇ ವರ್ಷದ ನವೆಂಬರಿನಲ್ಲಿ ತೀರ್ಮಾನವಾದ ಹೆಗೆಮನ್ ಫಾರ್ಮ್ಸ್ ಮೊಕದ್ದಮೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು.

ರೈತನಿಗೆ ತೆರಬೇಕಾದ ಬೆಲೆಗೂ ಗ್ರಾಹಕನಿಂದ ದೊರೆಯುವ ಬೆಲೆಗೂ ನಡುವಣ ಅಂತರವು ತನ್ನ ವೆಚ್ಚಕ್ಕೆ ಸಾಲದೆಂದು ಆ ವರ್ತಕ ಸಂಸ್ಥೆ ದೂರಿತು. ಮಾರಾಟಕ್ಕೆ ಗೊತ್ತಾದದ್ದು ಕನಿಷ್ಠ ಬೆಲೆಯಷ್ಟೆ. ಹೆಚ್ಚು ಕೇಳಲು ಕಾನೂನಿನ ಅಡ್ಡಿಯಿರಲಿಲ್ಲ, ಪೈಪೋಟಿಯ ಅಡ್ಡಿಯಿದ್ದಿತು. ನ್ಯಾಯಮೂರ್ತಿ ಕಾರ್ಡೋಜೊ ದೂರನ್ನು ಮನ್ನಿಸಲಿಲ್ಲ. ಒಬ್ಬನ ನಷ್ಟಕ್ಕೆ ಅವನ ಅದಕ್ಷತೆಯೇ ಕಾರಣವಿರಬಹುದು. ಅಷ್ಟರಿಂದಲೇ ಬೆಲೆಯು ಅನ್ಯಾಯವೆನಿಸದು ಎಂಬುದು ಅವರ ವಾದಸರಣಿ. ಲೆಕ್ಕಪತ್ರ ಎಷ್ಟೇ ಶುದ್ಧವಾಗಿದ್ದರೂ ಅದು ಹೇಳುವುದು ಒಬ್ಬ ವರ್ತಕನ ವೆಚ್ಚವನ್ನು ಮಾತ್ರ ಎಂಬುದು ನಿಜವೇ. ಆದರೂ ಚಿಕ್ಕ ವರ್ತಕನಿಗೆ ಈ ತರ್ಕ ಕಠಿನವೆಂದು ನನಗೆ ತೋರುತ್ತದೆ. ಇತರರ ಖಾತೆಗಳನ್ನು ತರಿಸಿ ನೋಡುವ ಅಧಿಕಾರ ಮಂಡಲಿಗಿತ್ತೇ ಹೊರತು ಅವನಿಗಿರಲಿಲ್ಲ.